ಟಪಾಲು ಭಾವನ ಜರಡಿ

ನಮ್ಮ ಭಾವನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಮ್ಮಕ್ಕ "ಆಸ್ಪತ್ರೇಲಿ, ಕಂಪ್ಯೂಟರ್ ಕಡೆ" ಎಂದಷ್ಟೇ ಹೇಳಿ ಮಾತು ಬದಲಾಯಿಸುತ್ತಾಳೆ. ಅವಳಿಗೆ ಗೊತ್ತಿಲ್ಲವೆಂದಲ್ಲ. ಬಿಡಿಸಿ ಹೇಳಲು ಹೊರಟಾಗಲೆಲ್ಲ ಕೇಳಿದವರಿಗೆ ಏನೋ ಅವಸರದ ಕೆಲಸ ನೆನಪಾಗಿಬಿಡುತ್ತದೆ. ನಾನು ಹಾಗೆ ಬಿಡುವವಳಲ್ಲ. ಬಟ್ಟೆ ಹೊಲಿಯುವವಳು ನಾನು, ಗಿರಾಕಿಯನ್ನು ಅಲ್ಲಾಡದ ಹಾಗೆ ನಿಲ್ಲಿಸಿಕೊಂಡು ಅಳತೆ ತೆಗೆದು ಅಭ್ಯಾಸ. ಆದ್ದರಿಂದ ಸ್ವಲ್ಪ ನಿಲ್ಲಿ.

ಭಾವ ಇರುವುದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ನಲ್ಲಿ ಸೋರಲಿ, ಮಂಚದ ಚಕ್ರ ಕಳಚಲಿ, ಅದನ್ನು ಕಂಪ್ಯೂಟರಿನಲ್ಲಿ ದೂರು ಎಂದು ಬರೆಯಬೇಕು. ಬರೆದ ದೂರಿಗೊಂದು ನಂಬರು ಬೀಳುತ್ತದೆ, ಅದಕ್ಕೆ ಟಿಕೆಟ್ ಎಂದು ಹೆಸರು. ನಲ್ಲಿಯನ್ನೇನೋ ಆಸ್ಪತ್ರೆಯ ಪ್ಲಂಬರನೇ ನೋಡುತ್ತಾನೆ. ಆದರೆ ಲಿಫ್ಟಿಗೆ ಹೊರಗಿನದೊಂದು ಕಂಪನಿ, ಎಸಿಗೆ ಇನ್ನೊಂದು, ರಕ್ತ ಪರೀಕ್ಷೆಯ ಯಂತ್ರಕ್ಕೆ ಮತ್ತೊಂದು. ಒಬ್ಬೊಬ್ಬರದೂ ಒಂದೊಂದು ತಂತ್ರಾಂಶ. ಆಸ್ಪತ್ರೆಯ ಟಿಕೆಟ್ ತಾನಾಗಿ ಅವರ ಕಂಪ್ಯೂಟರಿಗೆ ಹೋಗಬೇಕು, ಅವರ ಉತ್ತರ ತಾನಾಗಿ ಇಲ್ಲಿಗೆ ಬರಬೇಕು. ಆ ಹೋಗಿಬರುವ ದಾರಿ ಕಟ್ಟುವುದೇ ನಮ್ಮ ಭಾವನ ಹೊಟ್ಟೆಪಾಡು.

ಕೇಳುವುದಕ್ಕೆ ಸುಲಭ. ನೀರಿಗೆ ಹಾಕಿದರೆ ಕುಗ್ಗುವ ಬಟ್ಟೆಯನ್ನೂ ಕುಗ್ಗದ ಬಟ್ಟೆಯನ್ನೂ ಸೇರಿಸಿ ಹೊಲಿದು ನೋಡಿ, ಆಗ ಗೊತ್ತಾಗುತ್ತದೆ. ಆಸ್ಪತ್ರೆಯ ತಂತ್ರಾಂಶ ತಾರೀಕು ಬರೆಯುವಾಗ ದಿನವನ್ನು ಮೊದಲು ಬರೆಯುತ್ತದೆ, ರಕ್ತ ಪರೀಕ್ಷೆ ಕಂಪನಿಯದು ತಿಂಗಳನ್ನು ಮೊದಲು ಓದುತ್ತದೆ. ಹೀಗಾಗಿ ಆಗಲೇ ಕೆಟ್ಟು ಕೂತಿದ್ದ ಯಂತ್ರಕ್ಕೆ "ಈ ದಿನ ಇನ್ನೂ ಬಂದಿಲ್ಲ, ಕೆಟ್ಟ ಮೇಲೆ ತಿಳಿಸಿ" ಎಂಬರ್ಥದ ಉತ್ತರ ಬಂತು. ಎಸಿ ಕಂಪನಿಯ ತಂತ್ರಾಂಶಕ್ಕೆ ಉದ್ದ ಮಾತು ಆಗಿಬರುವುದಿಲ್ಲ. ಇಷ್ಟೇ ಅಕ್ಷರ ಎಂದು ಲೆಕ್ಕ, ಮಿಕ್ಕಿದ್ದನ್ನು ಕತ್ತರಿಸಿ ಎಸೆಯುತ್ತದೆ. "ಎಸಿಯಿಂದ ನೀರು ತೊಟ್ಟಿಕ್ಕಿ ದೊಡ್ಡ ಡಾಕ್ಟರ ತಲೆ ಮೇಲೆ ಬೀಳುತ್ತಿದೆ, ಕೂಡಲೇ ಬನ್ನಿ" ಎಂದು ಹೋದ ಟಿಕೆಟ್ ಅಲ್ಲಿ ತಲೆಗೇ ನಿಂತಿತು. "ಡಾಕ್ಟರ ತಲೆ ನಮ್ಮ ಗುತ್ತಿಗೆಗೆ ಸೇರಿಲ್ಲ" ಎಂದು ಅವರು ಟಿಕೆಟ್ ಮುಚ್ಚಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಎರಡರ ನಡುವೆ ಹಗ್ಗ ಹಿಡಿದು ನಿಂತವರು ನಮ್ಮ ಭಾವ.

ಈ ವಿದ್ಯೆಯನ್ನು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ, ಮನೆಯಲ್ಲೇ ಕಲಿತದ್ದು. ಅವರದು ಒಂದೇ ಕಟ್ಟಡ, ಎರಡು ಸಂಸಾರ. ಮಹಡಿಯ ಮೇಲೆ ಭಾವನ ಅಪ್ಪ, ಅವರು ನನಗೆ ದೊಡ್ಡಮಾವ. ಕೆಳಗೆ ಭಾವನ ಚಿಕ್ಕಪ್ಪ, ಅವರು ನನಗೆ ಚಿಕ್ಕಮಾವ. ಅಣ್ಣ ತಮ್ಮ ಇಬ್ಬರೇ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಭಾವ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ದಿನ ಚಿಕ್ಕಮಾವ ಮನೆಗಿದ್ದ ಒಂದೇ ಮರದ ಏಣಿಯನ್ನು ಗರಗಸ ಹಿಡಿದು ನಡುವಿಗೆ ಕೊಯ್ದರು. ಕಾರಣ, ಅದು ಅವರ ಮನೆಯೊಳಗೆ ಹಿಡಿಸುತ್ತಿರಲಿಲ್ಲ. "ಅಣ್ಣಾ, ಅರ್ಧ ನಿಂಗೆ, ಅರ್ಧ ನಂಗೆ, ನ್ಯಾಯವಾಗೇ ಇದೆಯಲ್ಲ" ಎಂಬುದು ಅವರ ವಾದ. ದೊಡ್ಡಮಾವ ತಮ್ಮ ಪಾಲಿನ ಅರ್ಧವನ್ನು ಗೋಡೆಗಾನಿಸಿ ಮೇಲೆ ನೋಡಿದರು. ಛಾವಣಿಯ ಮೇಲಿನ ನೀರಿನ ಟ್ಯಾಂಕು ಎಲ್ಲೋ ಆಕಾಶದಲ್ಲಿತ್ತು. "ಕತ್ತೆ!" ಎಂದರು. ತಮ್ಮನಿಗೆ ಅವರು ನೇರವಾಗಿ ಆಡಿದ ಕೊನೆಯ ಮಾತು ಅದು.

ಅಲ್ಲಿಂದ ಮುಂದೆ ಮೇಲಿನ ಮಾತನ್ನು ಕೆಳಗೆ, ಕೆಳಗಿನ ಮಾತನ್ನು ಮೇಲೆ ಹೊತ್ತು ತಿರುಗಿದವರು ಭಾವ. ಮನೆಯವರೆಲ್ಲ ಅವರಿಗೆ "ಟಪಾಲು" ಎಂದೇ ಹೆಸರಿಟ್ಟರು. ಆದರೆ ನಿಜವಾದ ಟಪಾಲಿನವನು ಕಾಗದವನ್ನು ಒಡೆಯದೆ ಮುಟ್ಟಿಸುತ್ತಾನೆ. ಇವರು ಒಡೆದು, ಓದಿ, ತಿದ್ದಿ ಮುಟ್ಟಿಸುತ್ತಿದ್ದರು. ಮೇಲಿನಿಂದ "ಆ ಕತ್ತೆಗೆ ಮೋಟರ್ ಆರಿಸು ಅಂತ ಹೇಳು, ನೀರೇನು ಅವರಪ್ಪಂದಾ?" ಎಂದು ಹೊರಟ ಮಾತು (ಅವರಪ್ಪನೇ ಇವರಪ್ಪ ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ) ಕೆಳಗೆ ಬರುವಷ್ಟರಲ್ಲಿ "ಚಿಕ್ಕಪ್ಪ, ಮೋಟರಿನ ಕೆಲಸ ಮುಗೀತಾ ಅಂತ ಅಪ್ಪ ಕೇಳಿದ್ರು" ಎಂದಾಗಿರುತ್ತಿತ್ತು. ಕೆಳಗಿನಿಂದ "ಮುಗಿದಿಲ್ಲ, ಮುಗಿಯೋದೂ ಇಲ್ಲ, ಬೇಕಾದ್ರೆ ಅವನೇ ಬಂದು ಆರಿಸ್ಲಿ" ಎಂದು ಹೊರಟದ್ದು ಮೇಲೆ "ಇನ್ನು ಸ್ವಲ್ಪ ಹೊತ್ತಾಗುತ್ತಂತೆ ಅಪ್ಪಾ" ಎಂದಾಗುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೈಗುಳ ತೆಗೆಯುತ್ತಿದ್ದರು. ಇದ್ದದ್ದು ಇದ್ದ ಹಾಗೆ ಮುಟ್ಟಿದರೆ ಏಣಿಯ ಹಾಗೆ ಮನೆಯನ್ನೂ ಕೊಯ್ದುಬಿಡುತ್ತಾರೆ ಎಂದು ಆ ವಯಸ್ಸಿನಲ್ಲಿ ಅವರಿಗೆ ನಿಜವಾಗಿಯೂ ಹೆದರಿಕೆ ಇತ್ತಂತೆ. ಅದನ್ನು ಅವರು ಅಕ್ಕನಿಗೆ ಒಮ್ಮೆ ಹೇಳಿದ್ದರು, ಅಕ್ಕ ನನಗೆ ಹೇಳಿದಳು.

"ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ಭಾವನ ಬಾಯಲ್ಲಿ ಸದಾ ಇರುವ ಗಾದೆ. ಆ ಮನೆಯಲ್ಲಿ ಜಗಳವೇನೋ ಆಗಲಿಲ್ಲ. ಮಾತೂ ಆಗಲಿಲ್ಲ. ವರ್ಷಗಳು ಹೋದವು. ಚಿಕ್ಕಮಾವನ ಮಂಡಿ ಸವೆದು ಮೆಟ್ಟಿಲು ಹತ್ತಲಾಗದೆ ಹೋಯಿತು, ದೊಡ್ಡಮಾವ ಇಳಿದು ಹೋಗಿ ಮಾತಾಡಿಸುವ ಪೈಕಿಯೇ ಅಲ್ಲ. ಭಾವನಿಗೆ ತಲೆ ನರೆತರೂ ಟಪಾಲು ನಿಲ್ಲಲಿಲ್ಲ.

ಇನ್ನು ಲಿಫ್ಟಿನ ವಿಷಯ. ಲಿಫ್ಟ್ ಕಂಪನಿಯ ತಂತ್ರಾಂಶಕ್ಕೆ ಮೂಗು ಮುರಿಯುವ ಗುಣವಿತ್ತು. ಟಿಕೆಟಿನಲ್ಲಿ ಹೊಲಸು ಮಾತು ಕಂಡರೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿತ್ತು. ಅದರ ಪಟ್ಟಿಯಲ್ಲಿದ್ದದ್ದು ನಾಲ್ಕಾರು ಪದ ಮಾತ್ರ, ನಾನಿಲ್ಲಿ ಬರೆಯಲಾರದಂಥವು. ಊಟದ ಗಾಡಿಯನ್ನು ಮೆಟ್ಟಿಲ ಮೇಲೆ ಹೊತ್ತು ಸೊಂಟ ಹಿಡಿಸಿಕೊಂಡ ಆಸ್ಪತ್ರೆಯ ಅಡುಗೆಯವನು ಒಂದು ದಿನ ಆ ನಾಲ್ಕಾರನ್ನೂ ಒಂದೇ ದೂರಿನಲ್ಲಿ ಬರೆದ. ದೂರು ವಾಪಸ್ ಬಂತು. ಬೇರೆ ಯಾರಾದರೂ ಆಗಿದ್ದರೆ ಆ ಪದಗಳನ್ನು ಮಾತ್ರ ತೆಗೆಯುವ ಏರ್ಪಾಟು ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಭಾವ ಹಾಗಲ್ಲ. ಮೆಟ್ಟಿಲ ಮೇಲೆ ಬೆಳೆದವರು. ಟಿಕೆಟ್ ಹೋಗುವ ದಾರಿಯ ನಡುವೆ ಒಂದು ಜರಡಿಯನ್ನೇ ಕಟ್ಟಿದರು. ಸಿಟ್ಟಿನ ಮಾತು ಈ ಕಡೆಯಿಂದ ಹೋದರೆ ಆ ಕಡೆ ಸಂಭಾವಿತ ಮಾತಾಗಿ ಬೀಳಬೇಕು. ದಿನಾ ಸಂಜೆ ಕೂತು ಹೊಸದಾಗಿ ಬಂದ ಬೈಗುಳಗಳಿಗೆ ಮೆತ್ತನೆಯ ಮಾತು ಹುಡುಕಿ ಸೇರಿಸುತ್ತಿದ್ದರು.

ಊಟಕ್ಕೆ ಕೂತಾಗ ಅದನ್ನು ನಮಗೆ ವಿವರಿಸಿದ ಅವರ ಮುಖ ನೋಡಬೇಕಿತ್ತು. "ಏನೇ ಹಾಕು, ತೊಳೆದು ಮಡಿಸಿದ ಬಟ್ಟೆ ಥರ ಹೊರಗೆ ಬರುತ್ತೆ" ಎಂದರು.

"ನಿಮ್ಮಪ್ಪನ್ನ ಒಂದ್ಸಲ ಅದರೊಳಗೆ ಹಾಕಿ ನೋಡ್ರೀ" ಎಂದಳು ಅಕ್ಕ.

ಆಸ್ಪತ್ರೆಯ ಹಳೇ ಕಟ್ಟಡಕ್ಕೆ ಇದ್ದದ್ದು ಒಂದೇ ಲಿಫ್ಟ್, ಅದು ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಆ ಕಟ್ಟಡದ ಮೇಟ್ರನ್ ಅಮ್ಮ ಎತ್ತರದ ಆಳು, ಅವರ ಗಂಟಲು ಇನ್ನೂ ಎತ್ತರ. ಅವರು ಬರೆದ ಒಂದು ದೂರು ಹೀಗಿತ್ತು: "ಈ ದರಿದ್ರ ಲಿಫ್ಟ್ ಮತ್ತೆ ಕೆಟ್ಟು ನಿಂತಿದೆ. ರೋಗಿಗಳು ಮೆಟ್ಟಿಲ ಮೇಲೆ ಸಾಯಬೇಕಾ? ನಿಮಗೆ ಮಾನ ಮರ್ಯಾದೆ ಇದೆಯಾ?" ಭಾವನ ಜರಡಿ ದಾಟಿ ಕಂಪನಿಗೆ ಮುಟ್ಟಿದ್ದು ಹೀಗೆ: "ಲಿಫ್ಟ್ ವಿಶ್ರಾಂತಿಯಲ್ಲಿದೆ. ರೋಗಿಗಳು ಮೆಟ್ಟಿಲು ಬಳಸುತ್ತಿದ್ದಾರೆ. ತಮ್ಮ ಅನುಕೂಲ ನೋಡಿಕೊಂಡು ಗಮನಿಸಬೇಕಾಗಿ ವಿನಂತಿ."

ಅಂದಿನಿಂದ ಒಂದು ಟಿಕೆಟ್ಟೂ ವಾಪಸ್ ಬರಲಿಲ್ಲ. ಮೇಲಧಿಕಾರಿ ಭಾವನ ಬೆನ್ನು ತಟ್ಟಿದರು. ಆದರೆ ಲಿಫ್ಟ್ ರಿಪೇರಿಯವನು ಬರುವುದು ಮಾತ್ರ ತಡವಾಗುತ್ತ ಹೋಯಿತು. "ನಿಮ್ಮ ದೂರು ಸರದಿಯಲ್ಲಿದೆ" ಎಂಬ ಉತ್ತರ ಮಾತ್ರ ಚಾಚೂ ತಪ್ಪದೆ ಬರುತ್ತಿತ್ತು. ಮೇಟ್ರನ್ ಇನ್ನೂ ಸಿಟ್ಟಾಗಿ ಬರೆದರು, ಜರಡಿ ಇನ್ನೂ ಮೆತ್ತಗೆ ಕಳಿಸಿತು. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು ಅವರ ಕೋಪ. ಯಾಕೆ ಹೀಗೆ ಎಂದು ಯಾರಿಗೂ ಹೊಳೆಯಲಿಲ್ಲ, ಭಾವನಿಗಂತೂ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ದೊಡ್ಡಮಾವ ಬಿದ್ದರು. ಗಾಳಿಗೆ ಟ್ಯಾಂಕಿನ ಮುಚ್ಚಳ ಹಾರಿತ್ತು. ಆ ವಯಸ್ಸಿನಲ್ಲಿ ಯಾರಿಗೂ ಹೇಳದೆ ಸ್ಟೂಲಿನ ಮೇಲೆ ಅರ್ಧ ಏಣಿ ನಿಲ್ಲಿಸಿ ಹತ್ತಿದ್ದಾರೆ. ಸ್ಟೂಲು ಒಂದು ಕಡೆ, ಏಣಿ ಒಂದು ಕಡೆ, ಇವರು ಒಂದು ಕಡೆ. ತೊಡೆಯ ಮೂಳೆ ಮುರಿಯಿತು. ಭಾವನ ಆಸ್ಪತ್ರೆಗೇ ಕರೆದೊಯ್ದರು, ಹಳೇ ಕಟ್ಟಡದ ನಾಲ್ಕನೇ ಮಹಡಿಗೆ. ಅವರನ್ನು ಮೇಲೆ ಮುಟ್ಟಿಸಿದ್ದೇ ಆ ಲಿಫ್ಟ್ ಮಾಡಿದ ಕೊನೆಯ ಉಪಕಾರ, ಮರುದಿನ ಅದು ಪೂರ್ತಿ ನಿಂತಿತು. ಆಪರೇಷನ್ ಕೋಣೆಯೂ ಅದೇ ಮಹಡಿಯಲ್ಲಿದ್ದದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ.

ಸುದ್ದಿ ತಿಳಿದಾಗ ಚಿಕ್ಕಮಾವನ ಮುಂದೆ ಏಣಿಯ ಮಾತನ್ನು ಯಾರೂ ಎತ್ತಲಿಲ್ಲ. ಅವರೇ "ನಾನು ಕೊಯ್ದಿದ್ದು ನೇರವಾಗೇ ಇತ್ತು" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಚಿಕ್ಕತ್ತೆ ಅಕ್ಕನ ಹತ್ತಿರ ಹೇಳಿಕೊಂಡರು.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು ಹೃದಯ ಸ್ವಲ್ಪ ದುರ್ಬಲವಾಗಿದೆ, ನೋಡಬೇಕಾದವರು ಇವತ್ತೇ ನೋಡಿಕೊಂಡು ಹೋಗಲಿ ಎಂದರು. ದೊಡ್ಡಮಾವನಿಗೆ ಅದು ಹೇಗೋ ತಿಳಿಯಿತು. "ನಂಗೆ ಯಾರನ್ನೂ ನೋಡಬೇಕಾಗಿಲ್ಲ" ಎಂದು ಗೋಡೆ ಕಡೆ ತಿರುಗಿದರು. ತಿರುಗಿದವರು ಬಾಗಿಲು ಸದ್ದಾದಾಗಲೆಲ್ಲ ಈ ಕಡೆ ಹೊರಳುತ್ತಿದ್ದರು. ನಾನು ಅಲ್ಲೇ ಕೂತು ನೋಡುತ್ತಿದ್ದೆ.

ಆ ಮಧ್ಯಾಹ್ನ ಚಿಕ್ಕಮಾವ ಬಂದರು. ಬಾಡಿಗೆ ಕಾರಿನ ಮೇಲೆ ಹಗ್ಗ ಹಾಕಿ ಕಟ್ಟಿಸಿಕೊಂಡು ಅವರ ಪಾಲಿನ ಅರ್ಧ ಏಣಿಯನ್ನೂ ತಂದಿದ್ದರು. ಕೆಟ್ಟು ನಿಂತ ಲಿಫ್ಟಿನ ಎದುರಿನ ಬೆಂಚಿನ ಮೇಲೆ ಕೈಯಲ್ಲಿ ಕೋಲು, ಪಕ್ಕದಲ್ಲಿ ಏಣಿ ಇಟ್ಟುಕೊಂಡು ಕೂತರು. ಬಾಗಿಲು ಕಾಯುವವನು ಬಂದು, "ಅಜ್ಜಾ, ಇದನ್ನಿಟ್ಕೊಂಡು ನಾಲ್ಕನೇ ಮಹಡಿ ಹತ್ತೋಕಾಗಲ್ಲ" ಎಂದ.

"ಗೊತ್ತಪ್ಪ. ಇದರಲ್ಲಿ ಎಷ್ಟು ಹತ್ತೋಕಾಗುತ್ತೆ ಅನ್ನೋದು ನಮ್ಮನೇಲಿ ಆಗಲೇ ನೋಡಿದ್ದಾರೆ" ಎಂದರು ಚಿಕ್ಕಮಾವ.

ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗೋಣ ಎಂದು ಭಾವ ಹೇಳಿದರು. "ನಾಲ್ಕು ಜನ ನನ್ನ ಹೊತ್ಕೊಂಡು ಹೋಗೋದು ಒಂದೇ ಸಲ. ಅದಕ್ಕಿನ್ನೂ ಟೈಮ್ ಇದೆ" ಎಂದು ಅವರು ಕೋಲು ಕುಟ್ಟಿದರು. ಫೋನಿನಲ್ಲಾದರೂ ಮಾತಾಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ನೋಡುವ ಹೊತ್ತು ಮುಗಿದು ಗಂಟೆ ಹೊಡೆಯುವವರೆಗೆ ಕಾಯುತ್ತೇನೆ, ಅಷ್ಟರೊಳಗೆ ಲಿಫ್ಟ್ ಬಂದರೆ ಸರಿ, ಇಲ್ಲದಿದ್ದರೆ ಮನೆಗೆ, ಮತ್ತೆ ಈ ಕಡೆ ಬರುವ ಮಾತಿಲ್ಲ ಎಂದರು. ಬರುವುದಕ್ಕೆ ಇಷ್ಟು ವರ್ಷ ತೆಗೆದುಕೊಂಡ ಮನುಷ್ಯ, ಹಾಗೆ ಎದ್ದು ಹೋದರೆ ಮತ್ತೆ ಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ನಾಳೆ ಏನಾಗುತ್ತದೋ ಅದು ಯಾರಿಗೂ ಗೊತ್ತಿರಲಿಲ್ಲ.

ಭಾವ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ದೊಡ್ಡಮಾವನಿಗೆ ವಿಷಯ ಹೇಳಿದರು.

ದೊಡ್ಡಮಾವ ದಿಂಬಿನಿಂದ ತಲೆ ಎತ್ತಿದರು. "ಬಂದನಾ ಆ ಕತ್ತೆ? ಏಣೀನೂ ತಂದಿದಾನಾ? ಈಗ ತಂದು ಏನ್ ಮಾಡ್ತಾನಂತೆ, ನಂಗೆ ಚಟ್ಟ ಕಟ್ಟಿಸ್ತಾನಾ? ಅದನ್ನ ಅಲ್ಲೇ ಬಿಸಾಕಿ ಮೇಲೆ ಬರೋಕೆ ಹೇಳು ಆ ಕತ್ತೆಗೆ. ನಾನು ಸತ್ತ ಮೇಲೆ ಬಂದು ಯಾರ ಮುಖ ನೋಡ್ತಾನೆ?" ಬಿದ್ದ ದಿನದಿಂದ ಬಿಳಿಚಿಕೊಂಡಿದ್ದ ಮುಖಕ್ಕೆ ಆಗ ಬಣ್ಣ ಬಂತು.

ಭಾವ ತಲೆಯಾಡಿಸಿ ಇಳಿದರು. ಕಾಫಿ ತರೋಣವೆಂದು ನಾನೂ ಅವರ ಹಿಂದೆಯೇ ಇಳಿದೆ. ಇಳಿಯುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಸುಸ್ತಿಗೆ ಏನೋ ಗೊಣಗುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಜರಡಿ ಹಿಡಿಯುತ್ತಿದ್ದರು.

ಬೆಂಚಿನ ಹತ್ತಿರ ಬಾಗಿ ಭಾವ ಮೆಲ್ಲಗೆ ಹೇಳಿದರು. "ಚಿಕ್ಕಪ್ಪ, ಅಪ್ಪ ನಿಮ್ಮ ಆರೋಗ್ಯ ವಿಚಾರಿಸಿದ್ರು. ಏಣಿಗೇನೂ ಅವಸರ ಇಲ್ಲವಂತೆ. ನಿಮ್ಮ ಅನುಕೂಲ ನೋಡ್ಕೊಂಡು ಬನ್ನಿ ಅಂದ್ರು."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಟಪಾಲಿನ ಕಥೆ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು.

"ಅನುಕೂಲ ನೋಡ್ಕೊಂಡು" ಎಂದು ಚಿಕ್ಕಮಾವ ತಮ್ಮಷ್ಟಕ್ಕೆ ಹೇಳಿಕೊಂಡರು. ಮುಖ ಸಣ್ಣದಾಯಿತು. ಕೋಲು ಊರಿ ಎದ್ದರು. "ಗಾಡಿ ಕರೆಸಪ್ಪ. ಏಣಿ ಇಲ್ಲೇ ಇರ್ಲಿ. ನಾನು ಹೋಗ್ತೀನಿ."

ನನ್ನ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯಲ್ಲಿ ನನ್ನನ್ನು ಮೂಗಿನ ತುದಿಯ ಕೋಪದವಳು ಎನ್ನುತ್ತಾರೆ, ಆ ದಿನ ಅದು ಒಳ್ಳೆಯದೇ ಆಯಿತು. "ಚಿಕ್ಕಮಾವ, ಕೂತ್ಕೊಳ್ಳಿ. ದೊಡ್ಡಮಾವ ಹಾಗೆ ಹೇಳೇ ಇಲ್ಲ" ಎಂದೆ. ಭಾವ ಕೈ ಅಡ್ಡ ಆಡಿಸಿದರು. ನಾನು ಬಿಡಲಿಲ್ಲ. ಕತ್ತೆಯಿಂದ ಹಿಡಿದು ಚಟ್ಟದವರೆಗೆ, ಒಂದಕ್ಷರ ಬಿಡದೆ ಕಡ್ಡಿ ಮುರಿದ ಹಾಗೆ ಒಪ್ಪಿಸಿದೆ.

ಚಿಕ್ಕಮಾವ ನಿಧಾನವಾಗಿ ಕೂತರು. "ಕತ್ತೆ ಅಂದ್ನಾ?"

"ಎರಡು ಸಲ."

"ಅವನೇ ಅಂದ್ನಾ? ಅವನ ಬಾಯಿಂದಾನೇ?"

"ಹೌದು. ವಾರ್ಡಿಗೆಲ್ಲ ಕೇಳೋ ಹಾಗೆ."

ಅವರು ನಗಲು ಹೋದರು, ಕಣ್ಣಲ್ಲಿ ನೀರು ಬಂತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ನೋಡಮ್ಮ, ಏಣಿ ಕೊಯ್ದಿದ್ದಕ್ಕೆ ಅವನು ಬೈದಾಗ ನಂಗೆ ಬೇಜಾರೇ ಆಗಿರಲಿಲ್ಲ. ಚಿಕ್ಕಂದಿನಿಂದ ಬೈದೇ ಬೆಳೆಸಿದವನು. ಸಂಜೆ ಸರಿಹೋಗ್ತಾನೆ ಅಂತ ಕಾಯ್ತಾ ಇದ್ದೆ. ಸಂಜೆ ಈ ಹುಡುಗ ಇಳಿದು ಬಂದು, 'ಚಿಕ್ಕಪ್ಪ, ಅಪ್ಪ ಕೇಳಿದ್ರು' ಅಂತ ಏನೋ ಮರ್ಯಾದೆ ಮಾತು ಹೇಳಿದ. ಮಾರನೇ ದಿನವೂ ಹಾಗೇ. ನೆಂಟರಿಗೆ ಹೇಳಿ ಕಳಿಸೋ ಥರ. ಅಣ್ಣ ನನ್ನ ಬೈಯೋದು ಬಿಟ್ಟ, ಅಲ್ಲಿಗೆ ನನ್ನೇ ಬಿಟ್ಟ ಅಂದ್ಕೊಂಡೆ. ಮನೆಯವರಿಗೆ ಯಾರಾದ್ರೂ 'ಅನುಕೂಲ ನೋಡ್ಕೊಂಡು ಬನ್ನಿ' ಅಂತಾರಾ?"

ನಾನು ಭಾವನ ಕಡೆ ನೋಡಿದೆ. ಪಾಪ, ಅವರು ಗೋಡೆ ಹಿಡಿದುಕೊಂಡು ನಿಂತಿದ್ದರು. ಮನೆ ಒಡೆಯಬಾರದೆಂದು ಅಷ್ಟು ವರ್ಷ ಮೆಟ್ಟಿಲು ಸವೆಸಿದವರಿಗೆ, ಒಡಕನ್ನು ಅಷ್ಟು ವರ್ಷ ಕಾಪಾಡಿದ್ದು ನೀನೇ ಎಂದು ಹೇಳಿದರೆ ಹೇಗಾಗಬೇಡ. ನನ್ನ ಸಿಟ್ಟೆಲ್ಲ ಇಳಿದು ಅಯ್ಯೋ ಎನಿಸಿತು. ಆದರೆ ಭಾವ ನನ್ನ ಕಡೆ ನೋಡಲಿಲ್ಲ. ಕೆಟ್ಟು ನಿಂತ ಲಿಫ್ಟಿನ ಬಾಗಿಲನ್ನೇ ದಿಟ್ಟಿಸುತ್ತಿದ್ದರು. "ಅನುಕೂಲ ನೋಡಿಕೊಂಡು..." ಎಂದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಲಿಫ್ಟ್ ಕಂಪನಿಗೆ ಹಚ್ಚಿದರು.

ಅಲ್ಲಿ ಟಿಕೆಟ್ ನೋಡಿಕೊಳ್ಳುವ ಹೆಂಗಸು ಫೋನ್ ಎತ್ತಿದರು. ಅವರ ಮಾತು ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಅಯ್ಯೋ ಸಾರ್, ನಿಮ್ಮ ಆಸ್ಪತ್ರೆ ಟಿಕೆಟ್ ಅಂದ್ರೆ ನಮ್ಮ ಆಫೀಸಲ್ಲಿ ಎಲ್ರಿಗೂ ಇಷ್ಟ! ಎಷ್ಟು ಚೆನ್ನಾಗಿ ಬರೀತೀರಿ. ಹೊಸಬರಿಗೆ ಓದಿ ತೋರಿಸ್ತೀವಿ."

"ಮತ್ತೆ ರಿಪೇರಿಗೆ ಯಾಕಮ್ಮ ಯಾರೂ ಬರ್ಲಿಲ್ಲ?"

"ಲಿಫ್ಟ್ ವಿಶ್ರಾಂತಿಯಲ್ಲಿದೆ ಅಂತ ಬರೆದಿದ್ರಲ್ಲ ಸಾರ್. ನೀವೇ ಆರಿಸಿಟ್ಟಿದೀರಿ ಅಂದ್ಕೊಂಡ್ವಿ. ನಮ್ಮಲ್ಲಿ ರಿಪೇರಿಯವರು ಇರೋದೇ ಮೂರು ಮತ್ತೊಂದು ಜನ. ಯಾರು ಜಾಸ್ತಿ ಕೂಗಾಡ್ತಾರೋ ಅಲ್ಲಿಗೆ ಮೊದಲು ಕಳಿಸ್ತೀವಿ. ಅಳೋ ಮಗೂಗೇ ಅಲ್ವಾ ಸಾರ್ ಹಾಲು?"

ಈಗಲೇ ಕಳಿಸಿ ಎಂದು ಭಾವ ಬೇಡಿಕೊಂಡರು. ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ, ಟಿಕೆಟ್ಟೇ ಬರಬೇಕು, ಅದೂ ತುರ್ತು ಎಂದು ಮೇಲಿನವರಿಗೆ ಅನ್ನಿಸುವ ಹಾಗಿರಬೇಕು ಎಂದರು ಆಕೆ.

ಭಾವ ಮೇಟ್ರನ್ ಅಮ್ಮನನ್ನು ಹುಡುಕಿಕೊಂಡು ಓಡಿದರು. ಕೆಳಮಹಡಿಯ ತಮ್ಮ ಕೋಣೆಗೆ ಅವರನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿ, "ಅಮ್ಮ, ನಿಮ್ಮ ಮನಸ್ಸಲ್ಲಿರೋದನ್ನ ಇದ್ದ ಹಾಗೇ ಬರೀರಿ. ಆ ನಾಲ್ಕಾರು ಪದ ಒಂದು ಬಿಟ್ಟು" ಎಂದರು.

"ಇಷ್ಟು ದಿನ ನಾನು ಬರೆದಿದ್ದೇನು ಹಾಗಾದರೆ, ಲಾಲಿ ಹಾಡಾ?" ಎಂದು ಮೇಟ್ರನ್ ಕೇಳಿದರು. ಭಾವ ಆಗ ಜರಡಿಯ ವಿಷಯ ಹೇಳಬೇಕಾಯಿತು. ಆಮೇಲೆ ಅಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ. ಇಷ್ಟು ದಿನ ಕಂಪನಿಗೆ ಮುಟ್ಟದೆ ಉಳಿದದ್ದೆಲ್ಲ ಭಾವನಿಗೆ ಮುಟ್ಟಿತು ಎಂದರೆ ಸಾಕು. ಅದರ ಬಿಸಿ ಆರುವ ಮೊದಲೇ ಮೇಟ್ರನ್ ಕೂತು ಬರೆದರು: "ಲಿಫ್ಟ್ ಸತ್ತು ಬಿದ್ದಿದೆ. ನಾಳೆ ಆಪರೇಷನ್ ಇರುವ ಅಣ್ಣ ಮೇಲಿದ್ದಾನೆ, ಮೆಟ್ಟಿಲು ಹತ್ತಲಾಗದ ತಮ್ಮ ಕೆಳಗಿದ್ದಾನೆ. ಗಂಟೆ ಹೊಡೆಯುವುದರೊಳಗೆ ನಿಮ್ಮವರು ಇಲ್ಲಿ ಬಂದು ನಿಲ್ಲದಿದ್ದರೆ ನಾನೇ ನಿಮ್ಮ ಆಫೀಸಿಗೆ ಬರುತ್ತೇನೆ. ಬಂದು ಒಬ್ಬೊಬ್ಬರನ್ನೂ ಮೆಟ್ಟಿಲು ಹತ್ತಿಸಿ ಇಳಿಸುತ್ತೇನೆ."

ಭಾವ ಜರಡಿಯನ್ನು ತೆಗೆದುಹಾಕಿದರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವರು ಒತ್ತದೆ ಹಾಗೇ ಕೂತರು. "'ದಯವಿಟ್ಟು' ಅಂತ ಒಂದಾದ್ರೂ ಸೇರಿಸ್ಲಾ?" ಎಂದು ನನ್ನನ್ನು ಕೇಳಿದರು.

"ಭಾವ!" ಎಂದೆ.

ಒತ್ತಿದರು.

ಲಿಫ್ಟಿನವನು ಇಷ್ಟು ಬೇಗ ಬರಬಹುದೆಂದು ನನಗಂತೂ ಅನ್ನಿಸಿರಲಿಲ್ಲ. ಚೀಲ ಎದೆಗವಚಿಕೊಂಡು ಬಂದವನು ಮೊದಲು ಕೇಳಿದ್ದು, "ಮೇಟ್ರನ್ ಅನ್ನೋರು ಇಲ್ಲೇ ಇದಾರಾ?" ಎಂದು. ಇದ್ದಾರೆ ಎಂದ ತಕ್ಷಣ ಲಿಫ್ಟಿನ ಮೇಲ್ಗಡೆಗೆ ಹೋಗಿ ಕೆಲಸಕ್ಕೆ ತೊಡಗಿದ. ಮೇಲಿನಿಂದ ಸುತ್ತಿಗೆಯ ಸದ್ದು, ಕೆಳಗೆ ಚಿಕ್ಕಮಾವನ ಕೋಲಿನ ಸದ್ದು. ಗಂಟೆ ಹೊಡೆಯುವ ಹೊತ್ತಾಯಿತು. ನೋಡಲು ಬಂದಿದ್ದವರೆಲ್ಲ ಮೆಟ್ಟಿಲಿಳಿದು ಮನೆಗೆ ಹೊರಟರು. ಗಂಟೆ ಮಾತ್ರ ಕೇಳಿಸಲಿಲ್ಲ. ಯಾಕೆಂದು ನೋಡಿದರೆ, ಗಂಟೆ ಹೊಡೆಯಬೇಕಾದ ಮೇಟ್ರನ್ ಅಮ್ಮ ಕೈ ಕಟ್ಟಿಕೊಂಡು ಗೋಡೆಗೊರಗಿ ನಿಂತಿದ್ದಾರೆ. "ಇವತ್ತು ಭುಜ ನೋಯ್ತಿದೆ. ಬರೆದೂ ಬರೆದೂ" ಎಂದರು.

ಲಿಫ್ಟಿನ ದೀಪ ಹತ್ತಿತು. ಚಿಕ್ಕಮಾವ, ಭಾವ, ನಾನು, ಜೊತೆಗೆ ಅರ್ಧ ಏಣಿ, ಇಷ್ಟು ಜನ ಒಳಗೆ ತುರುಕಿಕೊಂಡೆವು. ಆಪರೇಷನ್ ಮರುದಿನ ಸುಸೂತ್ರವಾಗಿ ಆಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಚಿಂತೆ ಇಟ್ಟುಕೊಂಡು ಮುಂದಿನದನ್ನು ಕೇಳುವುದು ಬೇಡ.

ದೊಡ್ಡಮಾವನ ಕೋಣೆಯ ಬಾಗಿಲು ತೆರೆದಾಗ ಅವರು ಈ ಕಡೆಯೇ ತಿರುಗಿ ಮಲಗಿದ್ದರು. ತಮ್ಮನನ್ನು ನೋಡಿದರು. ತಲೆಯಿಂದ ಕಾಲಿನವರೆಗೆ ಒಂದು ಸಲ, ಕಾಲಿನಿಂದ ತಲೆಯವರೆಗೆ ಒಂದು ಸಲ. ಆಮೇಲೆ ಏಣಿಯನ್ನು ನೋಡಿದರು. "ನಿನ್ನ ಕಡೆ ಅರ್ಧಕ್ಕೆ ಗೆದ್ದಲು ಹಿಡಿಸಿದೀಯಲ್ಲೋ, ಕತ್ತೆ" ಎಂದರು.

ಅಭ್ಯಾಸ ಎಲ್ಲಿ ಬಿಡುತ್ತದೆ? ಭಾವ ಇಬ್ಬರ ನಡುವೆ ಹೋಗಿ ನಿಂತರು. "ಚಿಕ್ಕಪ್ಪ, ಅಪ್ಪ ಏನಂದ್ರು ಅಂದ್ರೆ..."

"ಲೋ ಟಪಾಲು" ಎಂದರು ದೊಡ್ಡಮಾವ. "ನೀನು ಆಚೆ ಹೋಗೋ."

ಭಾವ ಆಚೆ ಬಂದರು. ನಾನೂ ಬಂದು ಬಾಗಿಲು ಎಳೆದುಕೊಂಡೆ. ಹೊರಗಿನ ಬೆಂಚಿನಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಹೊರುವುದಕ್ಕೆ ಏನೂ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಳಗೆ ಶುರುವಾಯಿತು. ಏಣಿ, ಮೋಟರು, ಟ್ಯಾಂಕಿನ ಮುಚ್ಚಳ, ಯಾವುದೋ ಕಾಲದಲ್ಲಿ ಯಾರೋ ತಿಂದ ಯಾರದೋ ಪಾಲಿನ ಬಾಳೆಹಣ್ಣು, ಎಲ್ಲವೂ ಒಂದೊಂದಾಗಿ ಹೊರಗೆ ಬಂದವು. ಇಬ್ಬರ ಗಂಟಲೂ ಒಂದೇ ಥರ ಎಂದು ನನಗೆ ಗೊತ್ತಾದದ್ದು ಆಗ. ಯಾರು ಯಾರನ್ನು ಬೈಯುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ, ಅವರಿಗೂ ಅದು ಮುಖ್ಯವಾಗಿರಲಿಲ್ಲ.

ಮೇಟ್ರನ್ ಅಮ್ಮ ದಡದಡ ಬಂದರು. "ಏನ್ರೀ ಇದು, ಆಸ್ಪತ್ರೆನಾ ಸಂತೆನಾ? ಆ ಇಬ್ಬರು ಮುದುಕರಿಗೆ ಬಾಯಿ ಮುಚ್ಕೊಳ್ಳೋಕೆ ಹೇಳಿ!"

ಭಾವ ಎದ್ದು ಹೋಗಿ ಬಾಗಿಲು ತೆರೆದರು. "ಅಪ್ಪಾ, ಚಿಕ್ಕಪ್ಪಾ, ಮೇಟ್ರನ್ ಅವರು ಹೇಳಿದ್ದು ಏನಂದ್ರೆ, ಸ್ವಲ್ಪ ಅನುಕೂಲ..." ಅಲ್ಲಿಗೆ ನಿಲ್ಲಿಸಿದರು. ಕಣ್ಣು ಮುಚ್ಚಿಕೊಂಡು, ತಣ್ಣೀರಿಗೆ ಇಳಿಯುವವರ ಹಾಗೆ, "ಬಾಯಿ ಮುಚ್ಕೋಬೇಕಂತೆ!" ಎಂದರು.

"ನೀನು ಮುಚ್ಚೋ!" ಎಂದರು ಅಣ್ಣ ತಮ್ಮ, ಇಬ್ಬರೂ, ಒಂದೇ ದನಿಯಲ್ಲಿ.

ಭಾವ ಬಾಗಿಲು ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು. ಕಣ್ಣು ತುಂಬಿಕೊಂಡಿತ್ತು. "ಇಬ್ಬರೂ ಸೇರಿ ಬೈದ್ರಮ್ಮ" ಎಂದರು, ಸ್ಕೂಲಿನಲ್ಲಿ ಬಹುಮಾನ ತೆಗೆದುಕೊಂಡು ಬಂದ ಹುಡುಗನ ಹಾಗೆ. "ಮಧ್ಯದಲ್ಲಿ ನಾನು ಇರಲೇ ಇಲ್ಲ, ಕೇಳಿಸ್ಕೊಂಡ್ಯಾ?"

ಕೇಳಿಸಿಕೊಂಡೆ ಎಂದೆ. ಒಳಗೆ ಬಾಳೆಹಣ್ಣಿನ ವಿಷಯ ಮತ್ತೆ ಮೊದಲಾಯಿತು.